ಕರೆಯುವ ಸದ್ದು, ಓಡಿಸುವ ಸದ್ದು

ಗುಳೇದಗುಡ್ಡ, ಮೇಲಿನ ಊರು
ಮರುಎಣಿಕೆಯ ಅರವತ್ತೊಂದನೆಯ ವರ್ಷ, ಕಾವುಮಾಸದ ನಾಲ್ಕನೆಯ ದಿನ
(ನಿಮ್ಮ ಲೆಕ್ಕದಲ್ಲಿ 2211ನೆಯ ಇಸವಿ. ಈ ತಿಂಗಳು ಮಾತ್ರ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ.)

ಮಂದಾಕಿನಿ ಆಯಿಯವರಿಗೆ,

ಈ ಪತ್ರದ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಾನು ಕೈಯಿಂದ ಬರೆಯಲು ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ನಿಮ್ಮ ಅಕ್ಷರವನ್ನೇ ಮುಂದಿಟ್ಟುಕೊಂಡು. ನಿಮ್ಮ 'ಳ' ಬಲಕ್ಕೆ ವಾಲಿದಂತೆ ನನ್ನದೂ ವಾಲುತ್ತದೆ. ನನಗಿಂತ ಆರು ತಲೆಮಾರು ಹಿಂದಿನವರನ್ನು ಏನೆಂದು ಕರೆಯಬೇಕೋ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಅದಕ್ಕೆ ಆಯಿ ಎನ್ನುತ್ತೇನೆ. ನನ್ನ ಹೆಸರು ನೀಲಗಂಗಾ. ನಿಮ್ಮ ಮಗಳ ಕಡೆಯಿಂದ ಇಳಿದು ಬಂದವಳು. ಕಾವುಮಾಸವೆಂದರೆ ನಮ್ಮ ಹದಿಮೂರನೆಯ ತಿಂಗಳು. ಬೇಸಿಗೆ ಬಹಳ ಉದ್ದವಾದ ಮೇಲೆ, ಅದನ್ನು ಎರಡು ತಿಂಗಳಲ್ಲಿ ಹಿಡಿಸಲಾಗದೆ, ನಡುವೆ ಇನ್ನೊಂದನ್ನು ಸೇರಿಸಿದರು. ಈ ತಿಂಗಳಲ್ಲಿ ಯಾರೂ ಹಗಲು ಹೊರಗೆ ಹೋಗುವುದಿಲ್ಲ. ಗುಡ್ಡದೊಳಗೆ ಅರ್ಧ ಕೊರೆದು ಕಟ್ಟಿದ ಮನೆಗಳಲ್ಲಿ ಕುಳಿತು, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಸಜ್ಜೆ ಅಂಬಲಿ ಕುಡಿಯುತ್ತ ಸಂಜೆಯ ದಾರಿ ನೋಡುತ್ತೇವೆ. ಪತ್ರ ಬರೆಯಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ನನ್ನ ಕಸುಬನ್ನು ಹೇಳಿದರೆ ನೀವು ನಗುತ್ತೀರಿ. ನಾನು ಕಿವಿ ಒರೆಸುವವಳು. ನಮ್ಮ ಕಾಲದ ಪ್ರತಿ ಮನೆಯಲ್ಲೂ ಒಂದು ಕೇಳುಗೋಡೆ ಇರುತ್ತದೆ. ಮನೆಯವರು ಆಡಿದ ಮಾತನ್ನೆಲ್ಲ ಅದು ಹುಟ್ಟಿನಿಂದ ಕೇಳಿಸಿಕೊಂಡು ನೆನಪಿಡುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ನೀವು ಒಂದು ಮಾತನ್ನು ಅರ್ಧ ಹೇಳಿದರೆ ಉಳಿದರ್ಧವನ್ನು ತಾನೇ ಹೇಳಿ ಮುಗಿಸುತ್ತದೆ. ಅದರ ಮೈತುಂಬ ಎಳ್ಳಿನಷ್ಟು ಸಣ್ಣ ಕಿವಿಗಳು. ನಮ್ಮೂರಿನ ಕೆಂಪು ಧೂಳು ಅವುಗಳಲ್ಲಿ ಕೂತು ಗೋಡೆಗೆ ಮಂದವಾಗುತ್ತದೆ; ಆಗ ನನ್ನನ್ನು ಕರೆಸುತ್ತಾರೆ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಗೋಡೆ ಕೆಟ್ಟದ್ದೆಂದು ನಾನು ಹೇಳಲಾರೆ. ಅದರಿಂದ ಕುರುಡರು ಓದಿದ್ದಾರೆ, ಒಂಟಿ ಮುದುಕರು ಮಾತಾಡಿದ್ದಾರೆ. ಆದರೆ ಅರ್ಧ ಯೋಚನೆ ಎಂಬುದು ನಮ್ಮಲ್ಲಿ ಇಲ್ಲವಾಗಿತ್ತು. ಅದನ್ನು ನಾನು ಮೊದಲು ಕಂಡದ್ದು ನಿಮ್ಮ ಡ್ರಾಯರಿನಲ್ಲಿ.

ಆ ಡ್ರಾಯರು ನನಗೆ ಬಂದದ್ದು ನನ್ನ ಚಿಗವ್ವ ಈರವ್ವ ಮನೆ ಬದಲಿಸಿದಾಗ. ಉದ್ದನೆಯ ಮರದ ಡ್ರಾಯರು, ಮುಂದೆ ಹಿತ್ತಾಳೆಯ ಹಿಡಿಕೆ, ಒಳಗೆ ಒತ್ತಾಗಿ ನಿಲ್ಲಿಸಿದ ದಪ್ಪ ಕಾಗದದ ಕಾರ್ಡುಗಳು, ಪ್ರತಿಯೊಂದರ ಕೆಳಗೆ ಒಂದು ತೂತು. "ನಮ್ಮ ಮನಿತನದಾಗ ಯಾರೋ ಕಾಲೇಜಿನ ಲೈಬ್ರರಿಯೊಳಗ ಇದ್ದರಂತ. ಲೈಬ್ರರಿಯವರು ಒಗೆಯೂ ಹೊತ್ತಿನಾಗ ಹೊತಗೊಂಡು ಬಂದರಂತ. ಓದಾಕ ಯಾರಿಗೂ ಬರೂದಿಲ್ಲ, ಒಗ್ಯಾಕ ಯಾರಿಗೂ ಮನಸಿಲ್ಲ. ನೀ ಒಯ್ಯಿ" ಎಂದಳು ಚಿಗವ್ವ. ಕಾರ್ಡುಗಳ ಒಂದು ಬದಿಯಲ್ಲಿ ಅಚ್ಚಿನಲ್ಲಿ ಯಾವುದೋ ಪುಸ್ತಕದ ಹೆಸರು, ಕಪಾಟಿನ ನಂಬರು. ಬೆನ್ನಿನ ಖಾಲಿ ಬದಿಯಲ್ಲಿ ನಿಮ್ಮ ಕೈಬರಹ. ಒಂದು ಕಾರ್ಡಿಗೆ ಒಂದೇ ಸಂಗತಿ. ಮೂಲೆಯಲ್ಲಿ ತಾರೀಖು, ಹೇಳಿದವರ ಹೆಸರು, ಊರು. ಕೆಳಗೆ ಕೆಂಪು ಶಾಯಿಯಲ್ಲಿ "41 ನೋಡು", "ಇದು 87ಕ್ಕೆ ಒಪ್ಪೂದಿಲ್ಲ", "ತಪ್ಪು, ಮತ್ತ ಕೇಳಬೇಕು".

ಗೋಡೆಗೆ ತೋರಿಸಿದ್ದರೆ ಅದು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಓದಿ, ಸಾರಾಂಶ ಹೇಳಿ ಮುಗಿಸುತ್ತಿತ್ತು. ನನಗೇಕೋ ತೋರಿಸಬೇಕೆನಿಸಲಿಲ್ಲ. ಪಾಠಶಾಲೆಯಲ್ಲಿ ಕಲ್ಲಿನ ಮೇಲೆ ಕೊರೆದ ವರ್ಣಮಾಲೆಯೊಂದಿದೆ. ಅದರ ನಕಲು ತಂದು, ದಿನಕ್ಕೆ ಎರಡು ಮೂರು ಕಾರ್ಡಿನಂತೆ ಬಿಡಿಸಿಕೊಂಡು ಓದಿದೆ. ನೀವು ಏನನ್ನು ಕೂಡಿಹಾಕಿದ್ದೀರಿ ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ಕೋಳಿಯನ್ನು ಕರೆಯಲು ಹುನಗುಂದದ ಕಡೆ ಏನನ್ನುತ್ತಾರೆ, ನಾಯಿಯನ್ನು ಓಡಿಸಲು ಕಮತಗಿಯಲ್ಲಿ ಏನನ್ನುತ್ತಾರೆ, ಎತ್ತು ನೀರು ಕುಡಿಯಲೆಂದು ಹೇಗೆ ಸಿಳ್ಳೆ ಹಾಕುತ್ತಾರೆ, ಎಮ್ಮೆ ತೊರೆ ಬಿಡದೆ ಹಾಲು ಹಿಡಿದಿಟ್ಟುಕೊಂಡರೆ ಅದರ ಕಿವಿಯ ಹತ್ತಿರ ಏನು ಗುನುಗುತ್ತಾರೆ. ಮನುಷ್ಯರು ಪ್ರಾಣಿಗಳೊಂದಿಗೆ ಆಡುವ, ಯಾವ ನಿಘಂಟಿನಲ್ಲೂ ಇಲ್ಲದ ಸದ್ದುಗಳು. ನಮ್ಮ ಕಾಲದಲ್ಲಿ ಮನೆಗಳಲ್ಲಿ ಪ್ರಾಣಿಗಳಿಲ್ಲ, ಆಯಿ. ನಮ್ಮ ಅಜ್ಜಂದಿರ ಕಾಲದ ದನಬೇನೆಯ ನಂತರ ಅವುಗಳನ್ನು ದೂರದ ಬೇಲಿಯೊಳಗೆ ಸಾಕುತ್ತಾರೆ. ನಾನು ಕೋಳಿಯನ್ನು ಕಂಡದ್ದು ಎರಡೇ ಸಲ.

ನನ್ನ ಗಂಡ ಮಹಾರುದ್ರ ಇದನ್ನು ನೋಡಿ ನಗುತ್ತಿದ್ದ. ಅವನು ನಮ್ಮ ಓಣಿಯ ತೀರ್ಮಾನಗಾರ. ನೀರಿನ ಸರದಿಗೆ, ನೆರಳಿನ ಜಾಗಕ್ಕೆ ಜಗಳ ಬಂದರೆ ಕೂತು ಮಾತಾಡಿ ಬಗೆಹರಿಸುವವನು. ಎರಡೂ ಕಡೆಯವರನ್ನು ನಗಿಸಿ, ಕೊನೆಗೆ ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಮನೆಗೆ ಹೋಗುವ ಹಾಗೆ ಮಾಡುತ್ತಿದ್ದ. ಊಟಕ್ಕೆ ಕೂತರೂ ಮಾತು, ಸ್ನಾನಕ್ಕೆ ಹೋದರೂ ಮಾತು. "ನಿಮ್ಮ ಆಯಿ ನಾಯಿ ಬೈಯ್ಯೂದನ್ನ ಬರದಿಟ್ಟಾಳ, ನೀ ಅದನ್ನ ಓದಾಕ ಕಣ್ಣು ಕಳಕೊಳ್ಳಾಕತ್ತಿ. ನಿಮ್ಮ ವಂಶಾನ ಹಂಗ ಐತಿ" ಎನ್ನುತ್ತಿದ್ದ.

ಐದು ವರ್ಷದ ಹಿಂದೆ ಒಂದು ಮುಂಜಾನೆ ಅವನು ಹಾಸಿಗೆಯಿಂದ ಎದ್ದು ಏನನ್ನೋ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ಬಲಗೈ ಜೋತುಬಿದ್ದಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು ಎಂದರು ವೈದ್ಯರು. ಕೈ ನಾಲ್ಕು ತಿಂಗಳಲ್ಲಿ ಸ್ವಲ್ಪ ಸುಧಾರಿಸಿತು. ಮಾತು ಸುಧಾರಿಸಲಿಲ್ಲ. ನಾವು ಹೇಳಿದ್ದು ಬಹಳಷ್ಟು ಅವನಿಗೆ ತಿಳಿಯುತ್ತಿತ್ತು. ತನಗೆ ಬೇಕಾದ ಶಬ್ದ ಮಾತ್ರ ಅವನ ನಾಲಿಗೆಗೆ ಬರುತ್ತಿರಲಿಲ್ಲ. ಬಂದರೂ ಬೇರೆಯದೇ ಬರುತ್ತಿತ್ತು. ನೀರು ಬೇಕಾದರೆ "ಬಾಗಿಲ" ಎನ್ನುತ್ತಿದ್ದ, ತಾನೇ ಅದನ್ನು ಕೇಳಿಸಿಕೊಂಡು ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಕೇಳುಗೋಡೆ ಅವನಿಗೆ ನೆರವಾಗಲು ನಿಂತಿತು. ಅವನು "ಆ…" ಎಂದರೆ ಅದು "ಅಂಬಲಿ ಬೇಕೇನ್ರಿ?" ಎನ್ನುವುದು. ಅಲ್ಲವೆಂದರೆ "ಅಂಗಳಕ್ಕ ಹೋಗಬೇಕೇನ್ರಿ?" ಎನ್ನುವುದು. ಸರಿಯಾಗಿ ಊಹಿಸುತ್ತಿತ್ತು ಕೂಡ. ಐವತ್ತು ವರ್ಷದ ಅವನ ಮಾತೆಲ್ಲ ಅದರ ನೆನಪಿನಲ್ಲಿತ್ತಲ್ಲ. ಸ್ವಲ್ಪ ದಿನಕ್ಕೆ ಅದು ಊಹಿಸುವುದನ್ನು ಬಿಟ್ಟು ಅವನದೇ ಧ್ವನಿಯಲ್ಲಿ ಅವನ ಪರವಾಗಿ ಮಾತಾಡತೊಡಗಿತು. ಓಣಿಯವರು ನೋಡಲು ಬಂದರೆ ಗೋಡೆ ಅವನ ಧ್ವನಿಯಲ್ಲಿ ಅವರನ್ನು ಕೂಡ್ರಿಸಿ, ಮನೆಯವರನ್ನು ವಿಚಾರಿಸಿ, ಹಳೆಯ ಹಾಸ್ಯ ಮಾಡಿ ನಗಿಸುತ್ತಿತ್ತು. ಬಂದವರು ಅವನಿಗೆ ಬೆನ್ನು ಮಾಡಿ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಒಂದು ದಿನ ಅವನು ಎಡಗೈಯಿಂದ ಅಂಬಲಿಯ ಬಟ್ಟಲನ್ನು ಗೋಡೆಗೆ ಎಸೆದ. ಗೋಡೆ ಅವನ ಧ್ವನಿಯಲ್ಲೇ "ಇರಲಿ ಬಿಡು, ಸಿಟ್ಟು ಬಂದಿತ್ತು" ಎಂದು ನನಗೆ ಸಮಾಧಾನ ಹೇಳಿತು.

ಆ ಹೊತ್ತು ನಾನು ಮೂವತ್ತು ವರ್ಷ ಮಾಡದ ಕೆಲಸ ಮಾಡಿದೆ. ಮೇಣ ಕಾಯಿಸಿ, ಅರಿವೆಯಲ್ಲಿ ಅದ್ದಿ, ನನ್ನ ಮನೆಯ ಗೋಡೆಯ ಕಿವಿಗಳನ್ನು ಒಂದೊಂದಾಗಿ ಮುಚ್ಚಿದೆ.

ಮಗಳು ರೇಣವ್ವನಿಗೆ ಇದು ಹಿಡಿಸಲಿಲ್ಲ. ಅವಳು ಬಾದಾಮಿಯ ನೀರಿನ ಕಚೇರಿಯಿಂದ ಎಂಟು ದಿನಕ್ಕೊಮ್ಮೆ ಬರುತ್ತಿದ್ದಳು. "ಗ್ವಾಡಿ ಮಾತಾಡಿದ್ರ ಅಪ್ಪ ಮಾತಾಡಿದಂಗ ಆಗತಿತ್ತು. ನನಗ ಅಷ್ಟಾದರೂ ಇತ್ತು. ಅದನ್ನೂ ಯಾಕ ತಗದಿ ಯವ್ವಾ?" ಎಂದು ಅತ್ತಳು.

"ನಿಮ್ಮಪ್ಪ ಇಲ್ಲೇ ಕುಂತಾನವಾ" ಎಂದೆ ನಾನು.

"ಕುಂತಾನ. ನನ್ನ ಹೆಸರ ಕರ್ಯಾಕ ಬರೂದಿಲ್ಲಲ್ಲ ಅವಗ" ಎಂದಳು ಅವಳು. ಅವನು ಕೇಳಿಸಿಕೊಂಡ. ಅವಳ ಕೈ ಹಿಡಿದುಕೊಂಡು ಬಾಯಿ ಆಡಿಸಿದ. ಏನೂ ಬರಲಿಲ್ಲ. ಅವಳು ಆ ಸಲ ಬೇಗ ಹೊರಟುಹೋದಳು. ಅವಳದು ತಪ್ಪು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ, ಆಯಿ. ಆದರೆ ಅವಳು ಹೋದ ಮೇಲೆ ಮನೆಯಲ್ಲಿ ಉಳಿದ ಮೌನವನ್ನು ಹೊರುವುದು ನನಗೂ ಕಷ್ಟವೇ ಆಯಿತು.

ಮುಂಗಾರಿನ ಮೊದಲ ತಂಪಿಗೆ ಕಾರ್ಡುಗಳಿಗೆ ಬೂಷ್ಟು ಹಿಡಿಯಬಾರದೆಂದು ಅವನ್ನು ತೆಗೆದು ಪಡಸಾಲೆಯ ನೆಲದಲ್ಲಿ ಹರವಿದ್ದೆ. ಅವನು ಗೋಡೆಗೊರಗಿ ಕೂತಿದ್ದ. ಒಂದು ಕಾರ್ಡನ್ನು ಎತ್ತಿ ನನ್ನ ಕಡೆ ಹಿಡಿದ. ಅಕ್ಷರ ಅವನಿಗೆ ಮೊದಲೂ ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ: "ಕೋಳಿ ಕರೆಯೂದು. ಗೌರವ್ವ, ಐಹೊಳಿ. ಕಾಳು ಹಿಡಕೊಂಡು ಕೂಗಬೇಕು: ಬೋ, ಬೋ, ಬೋ." ನಾನು ಓದಿದ್ದು ಓದಿದ ಹಾಗೆ ಒಣಗಿತ್ತು. ಅವನು ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದ. ಆಮೇಲೆ ತುಟಿ ಕೂಡಿಸಿ, ಗಂಟಲಿನ ಆಳದಿಂದ, ಸ್ಪಷ್ಟವಾಗಿ, "ಬೋ… ಬೋ… ಬೋ…" ಎಂದ. ಏಳು ತಿಂಗಳಲ್ಲಿ ಅವನು ಆಡಬೇಕೆಂದುಕೊಂಡು ಆಡಿದ ಮೊದಲ ಸದ್ದು ಅದು. ತನಗೇ ಬೆರಗಾಗಿ ಇನ್ನೊಮ್ಮೆ ಅಂದ. ನಾನು ಅವನ ಪಕ್ಕ ಕೂತು ಅತ್ತೆ, ಅವನು ನಕ್ಕ. ಇಬ್ಬರೂ ಕೂತು ಇಲ್ಲದ ಕೋಳಿಯನ್ನು ಮಧ್ಯಾಹ್ನದವರೆಗೆ ಕರೆದೆವು.

ಅಲ್ಲಿಂದ ಮೂರು ವರ್ಷ ನಮ್ಮ ಬದುಕು ನಿಮ್ಮ ಕಾರ್ಡುಗಳ ನಡುವೆ ಸಾಗಿತು. ನಾನು ಕೆಲಸ ಮುಗಿಸಿ ಬರುವುದನ್ನೇ ಅವನು ಕಾಯುತ್ತಿದ್ದ. ನಾನು ಓದಿ ಹೇಳಬೇಕು, ಅವನು ಸದ್ದು ಮಾಡಿ ನೋಡಬೇಕು, ಆಮೇಲೆ ಆ ಕಾರ್ಡನ್ನು ಎಲ್ಲಿಡಬೇಕೆಂದು ಅವನು ತೀರ್ಮಾನಿಸಬೇಕು. ನೀವು ಅವುಗಳನ್ನು ಪ್ರಾಣಿಯ ಪ್ರಕಾರ ಜೋಡಿಸಿದ್ದಿರಿ. ಅವನು ಮೊದಲ ವಾರವೇ ಅದನ್ನು ಕೆಡಿಸಿದ. ನನಗೆ ಸಿಟ್ಟು ಬಂದು, "ಆಯಿ ಇಟ್ಟಂಗ ಇರಲಿ ಬಿಡ್ರಿ" ಎಂದು ಮತ್ತೆ ಮೊದಲಿನಂತೆ ಜೋಡಿಸಿದೆ. ಮರುದಿನ ಬಂದು ನೋಡಿದರೆ ಮತ್ತೆ ಕೆಡಿಸಿದ್ದ. ಮೂರನೆಯ ಸಲ ನಾನು ಸುಮ್ಮನೆ ಕೂತು ನೋಡಿದೆ. ಬಾಗಿಲ ಕಡೆಯ ಸಾಲಿನಲ್ಲಿ ಓಡಿಸುವ ಸದ್ದುಗಳು: ಹುಷ್, ಹಚಾ, ಥೂ, ಛೀ. ಒಲೆಯ ಕಡೆಯ ಸಾಲಿನಲ್ಲಿ ಕರೆಯುವ ಸದ್ದುಗಳು. ಎಲ್ಲ ಜಗಳಗಳನ್ನು ಬಗೆಹರಿಸುತ್ತಿದ್ದ ಹಾಗೆಯೇ ಅವನು ನಿಮ್ಮ ಕಾರ್ಡುಗಳನ್ನೂ ಎರಡು ಕಡೆ ಕೂಡ್ರಿಸಿದ್ದ.

ನೀವು 203ನೆಯ ಕಾರ್ಡಿನಲ್ಲಿ ಬರೆದಿದ್ದೀರಿ: "ಕರೆಯೂ ಸದ್ದಿಗೂ ಓಡಿಸೂ ಸದ್ದಿಗೂ ಏನರ ನಿಯಮ ಐತೇನು? ತುಟಿಯಿಂದ ಹುಟ್ಟೂದು ಕರೆಯೂದು, ಉಸಿರಿಂದ ಹುಟ್ಟೂದು ಓಡಿಸೂದು?" ಅದರ ಮೇಲೆ ಕೆಂಪು ಗೀಟು ಎಳೆದು, "ಇಲ್ಲ. ಬೆಕ್ಕು ಕರೆಯೂದರಾಗ ತುಟಿ ಎಲ್ಲೈತಿ?" ಎಂದು ಸೇರಿಸಿದ್ದೀರಿ. ಆ ಗೀಟು ನನಗೆ ನಿಮ್ಮನ್ನು ಬಹಳ ಹತ್ತಿರ ತಂದಿತು. ತಪ್ಪೆಂದು ತಿಳಿದ ಮೇಲೂ ನೀವು ಆ ಕಾರ್ಡನ್ನು ಹರಿದೊಗೆಯಲಿಲ್ಲ. ನಮ್ಮ ಗೋಡೆಗೆ ತಪ್ಪಿದ್ದನ್ನು ಇಟ್ಟುಕೊಳ್ಳುವ ರೂಢಿಯಿಲ್ಲ.

ಮಹಾರುದ್ರ ಕರೆಯುವ ಕಾರ್ಡುಗಳನ್ನು ಇಡುವಾಗ ಪ್ರತಿಯೊಂದರ ಬಲಕ್ಕೆ ಒಂದು ಗೇಣು ಜಾಗ ಬಿಡುತ್ತಿದ್ದ. ಓಡಿಸುವ ಕಾರ್ಡುಗಳನ್ನು ಒತ್ತೊತ್ತಾಗಿ ಇಡುತ್ತಿದ್ದ. ಆ ಖಾಲಿ ಜಾಗಕ್ಕೆ ಯಾವುದೋ ಕಾರ್ಡು ಬೇಕಾಗಿದೆ ಎಂದುಕೊಂಡು ನಾನು ಒಂದಾದ ಮೇಲೊಂದು ತಂದು ಇಟ್ಟೆ. ಎಲ್ಲವನ್ನೂ ತಳ್ಳಿದ. "ಏನ್ ಬೇಕ್ರೀ? ಯಾವ ಕಾರ್ಡ್ ರೀ?" ಎಂದು ನಾನು ಗೋಡೆಯ ಹಾಗೆಯೇ ಊಹಿಸುತ್ತ ಹೋದೆ. ಅವನ ಕಣ್ಣಲ್ಲಿ ನೀರು ಬಂತು. ಹಾಗೆ ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ನಾನು ದಣಿದು ಸುಮ್ಮನಾದೆ. ಅವನು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದ. "ಬೋ, ಬೋ, ಬೋ" ಎಂದ. ಎಡಗೈಯನ್ನು ಮೇಲೆತ್ತಿ, ಅಂಗೈ ತೆರೆದು, ಬಾಗಿಲ ಕಡೆ ನೋಡುತ್ತ ನಿಂತುಬಿಟ್ಟ. ಉಸಿರು ಕೂಡ ಹಿಡಿದಿದ್ದ. ಎಷ್ಟೋ ಹೊತ್ತು. ಆಮೇಲೆ "ಹುಷ್" ಎಂದು ತಕ್ಷಣ ಮುಖ ತಿರುಗಿಸಿಕೊಂಡ. ಮತ್ತೆ ಅದನ್ನೇ ಮಾಡಿ ತೋರಿಸಿದ.

ಆಗ ನನಗೆ ತಿಳಿಯಿತು. ಓಡಿಸಿದವರಿಗೆ ಕೆಲಸ ಅಲ್ಲಿಗೆ ಮುಗಿಯಿತು. ಕರೆದವರಿಗೆ ಮುಗಿಯುವುದಿಲ್ಲ, ಬರುವುದೋ ಇಲ್ಲವೋ ಎಂದು ಕಾಯಬೇಕು. ಆ ಕಾಯುವ ಹೊತ್ತೂ ಸದ್ದಿನ ಒಂದು ಭಾಗವೇ. ಅವನು ಬಿಟ್ಟ ಗೇಣು ಜಾಗ ಅದು. "ಕರೆಯೋದ್ರಾಗ ಕಾಯೋದೂ ಐತಿ, ಹೌದಲ್ರೀ?" ಎಂದೆ. ಅವನು ಬಾಯಿ ತೆರೆದು, ದೊಡ್ಡದಾಗಿ, ಯಾವ ತಡೆಯೂ ಇಲ್ಲದೆ "ಹೌದು" ಎಂದ. ಅದು ಸರಿಯಾದ ಶಬ್ದವಾಗಿತ್ತು, ಸರಿಯಾದ ಜಾಗದಲ್ಲಿ ಬಂದಿತ್ತು. ನಿಮ್ಮ ಡ್ರಾಯರಿನ ಒಳತುದಿಯಲ್ಲಿ ಏನೂ ಬರೆಯದ ಬಹಳಷ್ಟು ಕಾರ್ಡುಗಳಿದ್ದವು. ಅವನ್ನು ತಂದು ಕೊಟ್ಟೆ. ಪ್ರತಿ ಖಾಲಿ ಜಾಗದಲ್ಲೂ ಒಂದೊಂದು ಖಾಲಿ ಕಾರ್ಡನ್ನು ಅವನೇ ಇಟ್ಟ. ಒಂದರ ಮೇಲೆ ನಾನು ಆ ದಿನದ ತಾರೀಖು, ಅವನ ಹೆಸರು, ಊರು ಬರೆದೆ, ನಿಮ್ಮ ಪದ್ಧತಿಯಂತೆ. "203 ನೋಡು" ಎಂದು ಕೆಂಪಿನಲ್ಲಿ ಬರೆದೆ.

ಆಮೇಲೆ ಅವನಿಗೆ ಮಾತು ಪೂರ್ತಿ ಬಂತೆಂದು ನೀವು ಭಾವಿಸಬಾರದು. ಐವತ್ತು ಅರವತ್ತು ಶಬ್ದ ಬಂದವು, ಅಷ್ಟೇ. ನನ್ನ ಹೆಸರು ಪೂರ್ತಿ ಬರಲಿಲ್ಲ, ನಡುವಿನ 'ಲ' ಅಷ್ಟೇ ಬಂತು. ಆದರೆ ಕರೆಯುವುದನ್ನು ಕಲಿತ. ಒಳಗಿನಿಂದ "ಲಾ… ಲಾ… ಲಾ…" ಎಂದು ಕೂಗಿ ಅಂಗೈ ತೆರೆದು ಕಾಯುತ್ತಿದ್ದ. "ನಾನೇನ್ ಕೋಳಿ ಅದೀನೇನ್ರಿ?" ಎಂದು ಬೈಯುತ್ತ ಹೋಗುತ್ತಿದ್ದೆ. ರೇಣವ್ವ ಬಂದಾಗ ಅವಳಿಗೆ "ರೇ, ರೇ" ಎಂದು ಕರೆದ. ಅವಳು ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟು ಓಡಿ ಹೋದಳು. ಆ ದಿನ ಅಪ್ಪ ಮಗಳು ನೆಲದ ಮೇಲೆ ಕೂತು ಎಮ್ಮೆಯ ಕಾರ್ಡುಗಳನ್ನೆಲ್ಲ ಜೋಡಿಸಿದರು.

ಹೋದ ವರ್ಷ ಶ್ರಾವಣದಲ್ಲಿ ಅವನಿಗೆ ಎರಡನೆಯ ಸಲ ಹಾಗಾಯಿತು. ಒಂದು ದಿನವೂ ಉಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ರೇಣವ್ವ ಬಹಳ ಸಂಕೋಚದಿಂದ ಕೇಳಿದಳು: "ಯವ್ವಾ, ಗ್ವಾಡಿಯೊಳಗ ಅಪ್ಪನ ಧ್ವನಿ ಐತಲ್ಲ. ಒಯ್ಯಲೇನು?" ಒಯ್ಯಿ ಎಂದೆ. ಮೇಣ ಕಿತ್ತುಕೊಟ್ಟೆ. ಅವಳು ತನ್ನ ಮನೆಯ ಗೋಡೆಗೆ ಅದನ್ನು ದಾಟಿಸಿಕೊಳ್ಳುವಾಗ ಅದು ಒಮ್ಮೆ ಮಾತಾಡಿತು. "ನೀಲಗಂಗಾ, ಊಟ ಆತೇನು?" ಎಂದಿತು. ಎಷ್ಟು ವರ್ಷದ ಮೇಲೆ ನನ್ನ ಪೂರ್ತಿ ಹೆಸರು, ಅವನ ಗಟ್ಟಿ ಧ್ವನಿ. ನಾನು ಉತ್ತರಕ್ಕೆ ಬಾಯಿ ತೆರೆಯುವುದರೊಳಗೆ ಅದು ನನ್ನ ಉತ್ತರವನ್ನು ತಾನೇ ಊಹಿಸಿ ಮುಂದಿನ ಮಾತಿಗೆ ಹೋಗಿಬಿಟ್ಟಿತು. ಅವಳಿಗೆ ಅದರಿಂದ ಸಮಾಧಾನ ಸಿಗುತ್ತದೆ, ಸಿಗಲಿ. ನನಗೆ ಈಗ ಉಳಿದದ್ದು ಪಡಸಾಲೆಯ ನೆಲ. ಕಾರ್ಡುಗಳು ಅವನು ಇಟ್ಟ ಹಾಗೆಯೇ ಇವೆ. ಕಸ ಗುಡಿಸುವಾಗ ಅವುಗಳ ಸುತ್ತ ಗುಡಿಸುತ್ತೇನೆ.

ಈಗ ನಿಮ್ಮಲ್ಲಿ ಒಂದು ಬೇಡಿಕೆ ಇದೆ. 388ನೆಯ ಕಾರ್ಡಿನಲ್ಲಿ ನೀವು ಹೀಗೆ ಬರೆದಿದ್ದೀರಿ: "ಕುರುಬರ ಎಲ್ಲವ್ವ, ಶಿರೂರ ದಾರಿಯ ಹಟ್ಟಿ. ತಪ್ಪಿಸಿಕೊಂಡ ಮರಿಯನ್ನ ಕರೆಯೂ ಸದ್ದು ಬ್ಯಾರೆ ಐತಿ ಅಂದಳು. ಆಕಿ ಅವ್ವ ಕಲಿಸಿದ್ದಂತ. ಮರಿ ಖರೇನ ತಪ್ಪಿಸಿಕೊಂಡಾಗ ಅಷ್ಟ ಕೂಗಬೇಕಂತ, ಸುಮ್ಮಸುಮ್ಮನ ಕೂಗಬಾರದಂತ. ನಗನಗತಾ 'ಮರಿ ತಪ್ಪಿಸಿಕೊಂಡ ದಿನ ಬಾ' ಅಂದಳು. ಮತ್ತ ಹೋಗಬೇಕು." ಅದರ ಮುಂದೆ ಹತ್ತು ಹದಿನೈದು ಕಾರ್ಡುಗಳಿವೆ, ಎಲ್ಲವ್ವನ ಹೆಸರು ಮತ್ತೆ ಎಲ್ಲೂ ಇಲ್ಲ. ಕೊನೆಯ ಕಾರ್ಡಿನ ತಾರೀಖು 2026ರ ಜನವರಿ. ನೀವು ಯಾಕೆ ನಿಲ್ಲಿಸಿದಿರೋ ನನಗೆ ಗೊತ್ತಿಲ್ಲ. ಕೆಲಸ ಹೆಚ್ಚಾಯಿತೋ, ಮೈ ಸರಿ ಇರಲಿಲ್ಲವೋ, ಇದನ್ನೆಲ್ಲ ಯಾರು ಓದುತ್ತಾರೆ ಎನಿಸಿತೋ. ಕೊನೆಯದು ಕಾರಣವಾಗಿದ್ದರೆ, ನಾನು ಓದಿದ್ದೇನೆ, ಆಯಿ. ಮಹಾರುದ್ರ ಕೇಳಿದ್ದಾನೆ.

ನಾನು ಈ ಪತ್ರವನ್ನು ಆ ಕೊನೆಯ ಕಾರ್ಡು ಬರೆದ ಮರುದಿನದ ನಿಮಗೆ ಬರೆಯುತ್ತಿದ್ದೇನೆ. ಹೇಗೆ ಮುಟ್ಟುತ್ತದೋ ತಿಳಿಯದು. ಎಲ್ಲವ್ವ ನಿಮ್ಮ ಕಾಲದಲ್ಲಿ ಇನ್ನೂ ಇದ್ದಾಳೆ. ಅವಳಿಗೆ ವಯಸ್ಸಾಗಿದೆ ಎಂದು ನೀವೇ ಮೂಲೆಯಲ್ಲಿ ಬರೆದಿದ್ದೀರಿ. ಕೈಯಲ್ಲಿ ನಾಲ್ಕು ಕಾರ್ಡು ಹಿಡಿದುಕೊಂಡು, ಶಿರೂರಿನ ಬಸ್ಸು ಹತ್ತಿ, ಅವಳ ಹಟ್ಟಿಯಲ್ಲಿ ಕೂತುಕೊಳ್ಳಿ. ಅವತ್ತೇ ಮರಿ ತಪ್ಪಿಸಿಕೊಳ್ಳದಿದ್ದರೆ ಇನ್ನೊಂದು ದಿನ ಹೋಗಿ. ಸಂಜೆ ಕುರಿ ತಿರುಗಿ ಬರುವಾಗ ಒಂದು ಕಡಿಮೆಯಾಗಿ, ಅವಳು ಎದ್ದು ನಿಂತು ಬಯಲಿನ ಕಡೆ ಮುಖ ಮಾಡಿ ಕೂಗುವಾಗ, ಅದನ್ನು ಕೇಳಿಸಿಕೊಳ್ಳಿ. ಬರೆಯಲು ಬಂದರೆ ಬರೆಯಿರಿ, ಬರದಿದ್ದರೆ ಬಿಡಿ. ಆ ಸದ್ದನ್ನು ನಮ್ಮ ವಂಶದಲ್ಲಿ ಒಬ್ಬರಾದರೂ ಕೇಳಿರಲಿ ಎಂಬುದಷ್ಟೇ ನನ್ನ ಆಸೆ.

ಇಲ್ಲಿ ಹೊತ್ತು ಇಳಿಯುತ್ತಿದೆ. ಬಾಗಿಲ ಬಟ್ಟೆ ಒಣಗಿದೆ. ಎದ್ದು ಮತ್ತೆ ನೆನೆಸಬೇಕು. ನನ್ನ ನಮಸ್ಕಾರ. ಹೋಗಿ ಬನ್ನಿ, ಆಯಿ.

ನಿಮ್ಮ
ನೀಲಗಂಗಾ